ಬಲಗಡೆಯ ಮಂಡಿ

ಗಾಜಿನ ಆಚೆ ಕೂತಿದ್ದ ಮುದುಕರೊಬ್ಬರು ಮತ್ತೆ ಗುಂಡಿ ಒತ್ತಿದರು. ಈಚೆ ಕೂತಿದ್ದ ಅವನು ಯಾವ ಸದ್ದನ್ನೂ ಕಳಿಸಿರಲಿಲ್ಲ. ಕಿವಿ ಮಷಿನ್ ಮಾರುವ ಆ ಅಂಗಡಿಯಲ್ಲಿ ಬಂದವರ ಕಿವಿ ಪರೀಕ್ಷೆ ಮಾಡುವುದು ಅವನ ಕೆಲಸ. ಗೋಡೆಗೆಲ್ಲ ಮೆತ್ತೆ ಹೊಡೆದ ಪುಟ್ಟ ಕೋಣೆಯಲ್ಲಿ ಅವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಮಾತ್ರ ಒತ್ತಿ ಎಂದು ಕೈಗೊಂದು ಗುಂಡಿ ಕೊಟ್ಟು, ತಾನು ಈಚೆ ಕೂತು ಸದ್ದನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಾ ಹೋಗಬೇಕು. ಕೇಳಿಸದಿದ್ದರೂ ಒತ್ತುವವರು ಇರುತ್ತಾರೆ. ಅವರೇನೂ ಸುಳ್ಳರಲ್ಲ. ಕರೆದುಕೊಂಡು ಬಂದ ಮಗನೋ ಸೊಸೆಯೋ ಹೊರಗಿನ ಬೆಂಚಿನ ಮೇಲೆ ಫೋನು ನೋಡುತ್ತಾ ಕಾಲು ಕುಣಿಸುತ್ತಿರುತ್ತಾರೆ. ಅವರ ಅರ್ಧ ದಿನ ಹಾಳುಮಾಡಿದೆನಲ್ಲ ಎಂಬ ಸಂಕೋಚಕ್ಕೆ ಒತ್ತಿಬಿಡುತ್ತಾರೆ. ಅಂಥವರ ಮುಖ ಅವನಿಗೆ ಗೊತ್ತು. ತುಟಿ ಕೊಂಚ ತೆರೆದಿರುತ್ತದೆ, ಕಣ್ಣು ಅವನ ಬೆರಳಿನ ಮೇಲೇ ಇರುತ್ತದೆ, ಸರಿಯಾದ ಉತ್ತರ ಅಲ್ಲೇ ಎಲ್ಲೋ ಇದೆಯೆಂಬ ಹಾಗೆ. ಬೇರೆ ದಿನವಾಗಿದ್ದರೆ ಬಾಗಿಲು ತೆಗೆದು, ‘ಅವಸರ ಏನಿಲ್ಲ ತಾತ, ಕೇಳಿಸದಿದ್ರೆ ಕೇಳಿಸಲಿಲ್ಲ ಅಷ್ಟೇ’ ಎಂದು ಹೇಳಿ ಬರುತ್ತಿದ್ದ. ಇವತ್ತು ಸುಮ್ಮನೆ ನೋಡುತ್ತಾ ಕೂತ. ಮುದುಕರು ಇನ್ನೊಮ್ಮೆ ಒತ್ತಿದರು.

ಬೆಳಿಗ್ಗೆ ದೊಡ್ಡವಳು ಶೂ ಲೇಸು ಕಟ್ಟಿಕೊಳ್ಳುತ್ತಾ ತಲೆ ಎತ್ತದೆಯೇ ಕೇಳಿದ್ದಳು. ‘ಅಪ್ಪ, ನಾಳೆ ವ್ಯಾನಲ್ಲಿ ಅತ್ತೆ ಎಲ್ಲಿ ಕೂತ್ಕೋತಾಳೆ? ನನ್ನ ಪಕ್ಕ ಕಿಟಕಿ ಹತ್ರ ಅಂದಿದಾಳೆ. ಆದ್ರೆ ಎಣಿಸಿದ್ರೆ ಸೀಟೇ ಉಳಿಯಲ್ಲ.’ ಅವನು, ‘ಬಸ್ಸು ಬಂತು ನೋಡು’ ಎಂದ. ಬಸ್ಸು ಬಂದಿರಲಿಲ್ಲ. ಮಗಳು ಗೇಟಿನ ತನಕ ಓಡಿ, ಖಾಲಿ ರಸ್ತೆ ನೋಡಿ, ಹಿಂದಿರುಗಿ ಅವನನ್ನು ನೋಡಿದಳು. ಎರಡು ವಾರದ ಹಿಂದೆ ಅವನೂ ಎಣಿಸಿದ್ದ. ತಾನು, ಹೆಂಡತಿ, ದೊಡ್ಡವಳು, ಚಿಕ್ಕವನು. ಭಾವಮೈದುನ, ಅವನ ಹೆಂಡತಿ, ಅವರ ಮಗು. ಏಳು. ವ್ಯಾನಿನಲ್ಲೂ ಏಳೇ ಸೀಟು. ಅಳತೆ ಕೊಟ್ಟು ಹೊಲಿಸಿದ ಹಾಗಿದೆಯಲ್ಲ ಎಂದು ಆಗ ಒಳಗೊಳಗೇ ಹಿಗ್ಗಿದ್ದು ಈಗ ನೆನಪಾಗಿ ಕಿವಿ ಬಿಸಿಯಾಯಿತು. ಮಕ್ಕಳ ಅತ್ತೆ, ಅದೇ ಮನೆಯಲ್ಲಿರುವ ತನ್ನ ಅಕ್ಕನನ್ನು ಅವನು ಬೇಕೆಂದು ಬಿಟ್ಟಿರಲಿಲ್ಲ. ಬಿಡುವುದಕ್ಕಾದರೂ ಒಮ್ಮೆ ನೆನಪಾಗಬೇಕು. ಅವನು ಎಣಿಸುತ್ತಿದ್ದಾಗ ಅವಳು ಅದೇ ಮೇಜಿನ ಆಚೆ ತುದಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು.

ಆ ಸಂಜೆ ಅವನು ಊರಾಚೆ ಹೊಸದಾಗಿ ತೆರೆದ ಮೃಗಾಲಯದ ಚಿತ್ರಗಳನ್ನು ಫೋನಿನಲ್ಲಿ ಒಂದೊಂದಾಗಿ ತೋರಿಸುತ್ತಿದ್ದ. ಅಲ್ಲಿ ಬೋನುಗಳೇ ಇಲ್ಲವಂತೆ. ಗಾಜಿನ ಸುರಂಗದಲ್ಲಿ ಜನ ನಡೆಯುತ್ತಿದ್ದರೆ ನೆತ್ತಿಯ ಮೇಲೆ ಹುಲಿ ನಡೆಯುತ್ತದಂತೆ. ಮರದ ತುದಿಯಿಂದ ಮರದ ತುದಿಗೆ ಹಗ್ಗದ ತೂಗುಸೇತುವೆ, ಕೆಳಗೆ ಜಿಂಕೆಗಳು. ಹಗಲಲ್ಲೇ ಕತ್ತಲೆ ಮಾಡಿಟ್ಟ ಬಾವಲಿ ಮನೆ. ಮಕ್ಕಳಿಗೆ ಹಗ್ಗ ಹಿಡಿದು ಹತ್ತುವ, ಜಾರುವ, ಜೋತಾಡುವ ಆಟಗಳು. ‘ಹುಲಿ ನಮ್ಮ ತಲೆ ಮೇಲೆ ಓಡಾಡುತ್ತೆ ಅಂದ್ರೆ, ನೋಡೋಕೆ ಬಂದಿರೋದು ಯಾರೋ, ನಾವೋ ಅದೋ?’ ಎಂದಳು ಅಕ್ಕ. ಎಲ್ಲರೂ ನಕ್ಕರು. ‘ಹಾಗಾದ್ರೆ ಒಳ್ಳೇ ಬಟ್ಟೆ ಹಾಕ್ಕೊಂಡು ಹೋಗ್ಬೇಕಪ್ಪ. ಅದೂ ದಿನಾ ಬೇಜಾರಲ್ಲಿರುತ್ತೆ ಪಾಪ.’ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ನಗುತ್ತಲೇ ಭಾವಮೈದುನನಿಗೆ ಫೋನು ಮಾಡಿ, ‘ನೀವೂ ಹೊರಡಿ, ಖರ್ಚಿನ ಮಾತೇ ಬೇಡ, ವ್ಯಾನು ನಂದು’ ಎಂದಿದ್ದ. ಹೋದ ವರ್ಷ ಸಮುದ್ರಕ್ಕೆ ಹೋದಾಗ ಭಾವಮೈದುನನ ಕಾರಿನ ಹಿಂದಿನ ಸೀಟಿನಲ್ಲಿ, ತಿಂಡಿಯ ಡಬ್ಬಿಗಳ ಜೊತೆ, ತಾನು ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದು, ಆತ ಕನ್ನಡಿಯಲ್ಲಿ ನೋಡಿ ‘ಭಾವ ಹಾಯಾಗಿದ್ದೀರ ತಾನೆ?’ ಎಂದು ಮತ್ತೆ ಮತ್ತೆ ಕೇಳಿದ್ದು ಇನ್ನೂ ಮೈಯಲ್ಲಿತ್ತು. ವ್ಯಾನು ಅವನದೂ ಅಲ್ಲ, ಅಂಗಡಿಯದು. ಊರೂರು ತಿರುಗಿ ಕಿವಿ ಪರೀಕ್ಷೆ ಮಾಡುವಾಗ ಒಯ್ಯುವುದು. ಕೇಳಲು ಹೋದಾಗ ಮಾಲೀಕರು ಕೌಂಟರಿನ ಹುಡುಗಿಯ ಎದುರಿಗೇ, ‘ಏಳು ಅಂದ್ರೆ ಏಳೇ ಕಣ್ರಿ. ಮನೆ ಮಂದಿನೆಲ್ಲ ತುರುಕ್ಕೊಂಡು ಹೋಗ್ಬೇಡಿ, ಗಾಡಿ ಕೂತುಬಿಡುತ್ತೆ’ ಎಂದಿದ್ದರು. ಹುಡುಗಿ ಬಗ್ಗಿ ಡ್ರಾಯರಿನಲ್ಲಿ ಏನನ್ನೋ ಹುಡುಕತೊಡಗಿದ್ದಳು.

ಮುದುಕರನ್ನು ಹೊರಗೆ ಕಳಿಸಿ ಅವನು ಹೆಂಡತಿಗೆ ಫೋನು ಮಾಡಿದ. ಅವಳ ಕಡೆ ಮಿಕ್ಸಿ ತಿರುಗುತ್ತಿತ್ತು. ‘ಅಕ್ಕನ ವಿಷಯ...’ ಎಂದ. ಮಿಕ್ಸಿ ನಿಂತಿತು. ‘ಅಕ್ಕನ ವಿಷಯ ಏನು?’ ಸೀಟಿಲ್ಲವಲ್ಲ ಎಂದ. ಅವಳು, ‘ಅಲ್ಲರೀ, ನೀವು ಅವರ ಹತ್ರ ಮೊದಲೇ ಮಾತಾಡಿದ್ದೀರಿ, ಅವರು ಬರಲ್ಲ ಅಂದಿದ್ದಾರೆ ಅಂದ್ಕೊಂಡಿದ್ದೆ ನಾನು. ಈಗ ನೋಡಿದ್ರೆ ದಿನಾ ಮೆಟ್ಟಿಲು ಹತ್ತಿ ಇಳೀತಿದ್ದಾರೆ. ಕೇಳೋಕೂ ಭಯ ಆಯ್ತು ನಂಗೆ’ ಎಂದಳು. ಬಸ್ಸಿಗೆ ಯಾರಾದರೂ ಬರಬಹುದೇ, ತಾನೇ ಬಸ್ಸಿಗೆ ಬರಲೇ ಎಂದು ಅವನು ಕೇಳಬಹುದಿತ್ತು. ಆದರೆ ವ್ಯಾನು ಓಡಿಸುವವನು ಅವನೇ. ಭಾವಮೈದುನನ ಕಾರು ರಿಪೇರಿಗೆ ಹೋಗಿತ್ತು. ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಿ ಎಂದರೆ ಭಾವಮೈದುನನ ಹೆಂಡತಿ ಏನೆನ್ನುತ್ತಾಳೋ. ಟಿಕೆಟ್ಟೂ ಏಳೇ, ನಾಳೆಯದು ಮುಗಿದುಹೋಗಿತ್ತು. ‘ನೀವೇ ಹೇಳಿ. ನಾನು ಹೇಳಿದ್ರೆ ಬೇರೆ ಥರ ಆಗುತ್ತೆ’ ಎಂದಳು ಹೆಂಡತಿ. ಅದು ನಿಜವಾಗಿತ್ತು. ಮಿಕ್ಸಿ ಮತ್ತೆ ಶುರುವಾಯಿತು.

ಮೆಟ್ಟಿಲು ಹತ್ತುವುದು ದೊಡ್ಡವಳು ಹಚ್ಚಿಕೊಟ್ಟ ಹುಚ್ಚು. ತೂಗುಸೇತುವೆಗೆ ಹೋಗಲು ತುಂಬಾ ಮೆಟ್ಟಿಲಿವೆ ಎಂದು ಅವಳು ಓದಿ ಹೇಳಿದ್ದೇ ತಡ, ಅಕ್ಕ ದಿನಾ ಸಂಜೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲಮಹಡಿಯಿಂದ ತಾರಸಿಯವರೆಗೆ ಹತ್ತುವುದು, ಇಳಿಯುವುದು. ಹಿಂದೆ ಚಿಕ್ಕವನು ಗಟ್ಟಿಯಾಗಿ ಎಣಿಸುತ್ತಾ. ಕೆಳಮನೆಯ ಡ್ರಾಯಿಂಗ್ ಮೇಷ್ಟ್ರು ಬಾಗಿಲಲ್ಲಿ ನಿಂತು, ‘ಏನ್ರೀ, ನಿಮ್ಮಕ್ಕ ಹಿಮಾಲಯಕ್ಕೆ ಹೊರಟಿದ್ದಾರಾ?’ ಎಂದು ಅವನನ್ನು ಕೇಳಿದ್ದರು. ಅಕ್ಕ ಮೇಲಿನಿಂದಲೇ, ‘ಹುಲಿ ನೋಡೋಕೆ ಮೇಷ್ಟ್ರೇ. ಅದು ಓಡಿಸಿಕೊಂಡು ಬಂದ್ರೆ ಓಡೋಕೆ ಬರ್ಬೇಕಲ್ಲ!’ ಎಂದು ಕೂಗಿದ್ದಳು. ಏದುಸಿರು ಕೂಡ ಇರಲಿಲ್ಲ ಆ ದನಿಯಲ್ಲಿ. ಅವಳ ದನಿ ಯಾವಾಗ ಅಷ್ಟು ಎಳೆಯದಾಗಿತ್ತು ಎಂದು ಆಗ ಯೋಚಿಸಿದ್ದ. ಹಳೆಯ ಮೃಗಾಲಯ ನೆನಪಾಗಿತ್ತು. ಅಮ್ಮ ತೀರಿಕೊಂಡ ವರ್ಷ, ಅವನಿನ್ನೂ ಹುಡುಗನಾಗಿದ್ದಾಗ, ಅವನನ್ನು ಅಲ್ಲಿಗೆ ಕರೆದೊಯ್ದವಳು ಅಕ್ಕನೇ. ಕಂಬಿಯ ಹಿಂದೆ ಕರಡಿಯೊಂದು ಗೋಡೆಗೆ ಮುಖ ಮಾಡಿ ಕೂತಿತ್ತು, ಎಷ್ಟು ಕರೆದರೂ ತಿರುಗಲಿಲ್ಲ. ಅವನು ಕಲ್ಲು ಎತ್ತಿ ಹೊಡೆದ. ಅದು ಬಿದ್ದ ಸದ್ದು, ಗೋಣಿಚೀಲದ ಮೇಲೆ ಬಿದ್ದ ಹಾಗೆ, ಮೆತ್ತಗೆ. ಕರಡಿ ಆಗಲೂ ತಿರುಗಲಿಲ್ಲ. ಕಾವಲುಗಾರ ಓಡಿ ಬಂದು ‘ಯಾರೋ ಹೊಡೆದದ್ದು?’ ಎಂದು ಗದರಿದಾಗ ಅಕ್ಕ ಮುಂದೆ ನಿಂತು, ‘ನಾನು’ ಎಂದಳು. ಬೆಳೆದ ಹುಡುಗಿ. ಸುತ್ತ ನಿಂತವರು, ‘ಇಷ್ಟು ದೊಡ್ಡೋಳಾಗಿ ನಾಚಿಕೆ ಆಗಲ್ವಾ’ ಎಂದು ಛೀಮಾರಿ ಹಾಕಿದರು. ಕಾವಲುಗಾರ ಗೇಟಿನ ತನಕ ನಡೆಸಿಕೊಂಡು ಬಂದು ಇಬ್ಬರನ್ನೂ ಹೊರಹಾಕಿದ. ಅವನು ಅವಳ ಲಂಗದ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ದಾರಿಯಲ್ಲಿ ಅವಳು ಬೈಯಲಿಲ್ಲ. ಅದರ ಬಗ್ಗೆ ಮುಂದೆಯೂ ಒಂದು ಮಾತು ಆಡಲಿಲ್ಲ. ಅವಳು ಮದುವೆಯನ್ನೂ ಆಗಲಿಲ್ಲ. ಯಾಕೆಂದು ಅವನು ಕೇಳಲಿಲ್ಲ. ಕೇಳದೆ ಉಳಿದವುಗಳ ಮೇಲೆಯೇ ಮನೆ ಒಂದು ಹದಕ್ಕೆ ಬಂದು ನಿಂತುಬಿಟ್ಟಿತ್ತು.

ಸಂಜೆ ಮನೆ ಸೇರಿದಾಗ ಅಕ್ಕ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿ ಸಿಪ್ಪೆ ಬಿಡಿಸುತ್ತಿದ್ದಳು. ನಾಳೆಯ ಬ್ರೆಡ್ಡಿನೊಳಗೆ ಇಡಲು. ಬಿಸಿ ತಾಗಿದ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಾ, ಮತ್ತೆ ಹಿಡಿಯುತ್ತಾ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಣ್ಣು ತರಲು ಹೋಗಿದ್ದಳು, ಬೇಕೆಂದೇ ಹೋಗಿರಬೇಕು. ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡು ಬಂದಿದ್ದ. ಅಕ್ಕ, ನನ್ನಿಂದ ಒಂದು ತಪ್ಪಾಯಿತು. ಸರಳವಾದ ಮಾತು. ಎಣಿಸುವಾಗ ತಪ್ಪಿದೆ. ಅಷ್ಟು ಹೇಳಿದ್ದರೆ ಅವಳು ‘ಲೆಕ್ಕದಲ್ಲಿ ನೀನು ಯಾವಾಗ ಪಾಸಾಗಿದ್ದೀಯ’ ಎಂದು ನಗುತ್ತಿದ್ದಳೇನೋ. ಆದರೆ ಆ ಮಾತಿನ ಹಿಂದೆಯೇ ಇನ್ನೊಂದು ಮಾತು ಅಂಟಿಕೊಂಡಿತ್ತು: ನೀನು ಎದುರಿಗೇ ಕೂತಿದ್ದೆ, ನನಗೆ ಕಾಣಲಿಲ್ಲ. ಒಂದನ್ನು ಎಳೆದರೆ ಇನ್ನೊಂದೂ ಬರುತ್ತಿತ್ತು. ನೀರು ಕುಡಿದ. ಲೋಟ ಕೆಳಗಿಟ್ಟ. ‘ಅಕ್ಕ, ನಾಳೆ ಅಲ್ಲಿ ತುಂಬಾ ನಡೀಬೇಕಂತೆ’ ಎಂದ. ‘ಹೂಂ, ಗೊತ್ತು. ಅದಕ್ಕೇ ಅಲ್ವ ಈ ಸರ್ಕಸ್ಸು.’ ‘ಅಲ್ಲ, ದಿನವಿಡೀ ನಿಂತೇ ಇರ್ಬೇಕು. ಕೂರೋಕೆ ಎಲ್ಲೂ ಇಲ್ಲವಂತೆ. ನಿನ್ನ ಮಂಡಿ ಬೇರೆ...’

ಅಕ್ಕನ ಕೈ ನಿಂತಿತು. ಅವಳು ತಿರುಗಿ ಅವನನ್ನು ನೋಡಿದಳು. ಮುಖದಲ್ಲಿ ಬೇಸರವಿರಲಿಲ್ಲ; ಏನೋ ಅರ್ಥವಾಗದ, ಸಹಾಯ ಮಾಡಲು ಹೊರಟವಳ ಕುತೂಹಲವಿತ್ತು.

‘ಯಾವ ಮಂಡಿ?’ ಎಂದಳು.

‘ಬಲಗಡೇದು’ ಎಂದ.

ಬಟ್ಟಲಿನಲ್ಲಿ ಆಲೂಗಡ್ಡೆಯ ಹಬೆ ಏಳುತ್ತಿತ್ತು. ಅವಳು ಅದನ್ನೇ ನೋಡುತ್ತಾ ಒಂದು ಸಿಪ್ಪೆಯ ಚೂರನ್ನು ಉಗುರಿನಿಂದ ಬಿಡಿಸಿದಳು, ಬಹಳ ಜೋಪಾನವಾಗಿ. ‘ಹೌದಲ್ವ’ ಎಂದಳು ಆಮೇಲೆ. ‘ನಾನೇ ಹೇಳ್ಬೇಕು ಅಂತಿದ್ದೆ. ಈ ಮೆಟ್ಟಿಲು ಹತ್ತಿ ಹತ್ತಿ ಹಿಡ್ಕೊಂಡುಬಿಟ್ಟಿದೆ. ಮಕ್ಕಳಿಗೆ ಬೇಜಾರಾಗುತ್ತಲ್ಲ ಅಂತ ಸುಮ್ನಿದ್ದೆ. ನೀವು ಹೋಗ್ಬನ್ನಿ.’ ಅಷ್ಟರಲ್ಲಿ ಬಾಗಿಲು ತೆರೆದು ಮಕ್ಕಳು ಒಳನುಗ್ಗಿದರು. ಚಿಕ್ಕವನು ಬಂದವನೇ, ‘ಅತ್ತೆ, ಮೆಟ್ಟಿಲು! ಕೊನೇ ದಿನ!’ ಎಂದು ಅವಳ ಸೆರಗು ಎಳೆದ. ‘ಇವತ್ತು ಬೇಡ ಪುಟ್ಟ, ಮಂಡಿ ನೋಯ್ತಿದೆ’ ಎಂದು ಅವಳು ಬಟ್ಟಲು ಎತ್ತಿಕೊಂಡು ಮೇಜಿನ ಕಡೆ ನಡೆದಳು. ಮೊದಲ ಎರಡು ಹೆಜ್ಜೆ ಎಂದಿನಂತೆಯೇ ಇಟ್ಟಳು. ಮೂರನೆಯ ಹೆಜ್ಜೆಗೆ ಬಲಗಾಲು ಕೊಂಚ ಎಳೆಯಿತು. ಹಣ್ಣಿನ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿ ಅವಳ ಕಾಲನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಕೋಣೆಯಲ್ಲಿ, ‘ಏನು ಹೇಳಿದ್ರಿ?’ ಎಂದು ಕೇಳಿದಳು. ‘ಏನಿಲ್ಲ. ಅವಳೇ ಬರಲ್ಲ ಅಂದ್ಲು.’ ಹೆಂಡತಿ ಮಡಿಸುತ್ತಿದ್ದ ಅಂಗಿಯನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದಳು. ಅವನು ಆ ದಿನ ನಿದ್ದೆ ಬರದೆ ಒದ್ದಾಡಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದ. ಅದಕ್ಕಾಗಿ ಮುಂದೆ ಎಂದೂ ತನ್ನನ್ನು ತಾನು ಕ್ಷಮಿಸಿಕೊಳ್ಳಲು ಆಗಲಿಲ್ಲ.

ಬೆಳಿಗ್ಗೆ ಹೊರಡುವ ಹೊತ್ತಿಗೆ ಭಾವಮೈದುನನ ಫೋನು ಬಂತು. ಮಗುವಿಗೆ ಜ್ವರ, ವಾಂತಿ, ಮೂವರೂ ಬರುವಂತಿಲ್ಲ. ಹೆಂಡತಿ ಫೋನಿಟ್ಟು, ಬೆಳಗು ಈಗಷ್ಟೇ ಆಯಿತೆಂಬ ಮುಖದಲ್ಲಿ, ‘ಹಾಗಾದ್ರೆ ಅಕ್ಕ ಬರಬಹುದಲ್ಲ!’ ಎಂದಳು. ಮಕ್ಕಳು ಕುಣಿದವು. ‘ಹೋಗಿ ಕರೀರಿ, ನೀವೇ ಹೋಗಿ’ ಎಂದು ಅವನ ಬೆನ್ನಿಗೆ ಕೈಯಿಟ್ಟು ನೂಕಿದಳು. ಅಕ್ಕನ ಕೋಣೆಯೆಂದರೆ ಮಕ್ಕಳ ಕೋಣೆಯೇ. ಗೋಡೆಗೆ ಒರಗಿಸಿದ ಎರಡು ಮಂಚ, ನಡುವೆ ಅವಳದು. ಅವಳು ಕಿಟಕಿಯ ಹತ್ತಿರ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ನಡುಮನೆಯಲ್ಲಿ ಆಡಿದ್ದೆಲ್ಲ ಈ ಕೋಣೆಗೆ ಕೇಳಿಸುತ್ತದೆ. ಅವನು ಬಾಗಿಲಿಗೆ ಕೈ ಕೊಟ್ಟು ನಿಂತ. ಏನು ಹೇಳುವುದು? ನಿನ್ನೆ ನಡೆಯಲಾಗದ ಕಾಲು ಇವತ್ತು ಹೇಗೆ ನಡೆದೀತು? ಕರೆದರೆ ನಿನ್ನೆ ಸುಳ್ಳು ಹೇಳಿದೆ ಎಂದ ಹಾಗೆ. ಕರೆಯದಿದ್ದರೆ... ಯೋಚನೆ ಮುಗಿಯುವ ಮೊದಲೇ ಬಾಯಿಂದ ಮಾತು ಬಿದ್ದುಬಿಟ್ಟಿತು: ‘ಅಕ್ಕ, ಈಗ ಜಾಗ ಇದೆ.’

ಹೇಳಿದ ಮೇಲೆ ಕೇಳಿಸಿತು ಅವನಿಗೆ. ಈಗ. ಜಾಗ. ಮಂಡಿಯ ಸುದ್ದಿಯೇ ಇಲ್ಲ. ಎರಡು ಶಬ್ದದಲ್ಲಿ ನಿನ್ನೆಯದೆಲ್ಲ ಬಟಾಬಯಲಾಗಿ ಬಿದ್ದಿತ್ತು. ಅಕ್ಕ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಡಿಸಿ ಬೆರಳಿಗೆ ಸುತ್ತಿದಳು. ಅವನನ್ನು ನೋಡಿ ನಕ್ಕಳು, ಹಠ ಮಾಡುವ ಮಗುವಿನ ಮುಂದೆ ನಗುವಂತೆ. ‘ಜಾಗಕ್ಕೇನೋ’ ಎಂದಳು, ‘ಮಂಡಿ ಬೇಕಲ್ಲ.’

ದೊಡ್ಡವಳು ಬಂದು ಕೈ ಎಳೆದಳು. ಚಿಕ್ಕವನು, ‘ಹುಲಿಗೆ ಹೇಳಿದೀನಿ ನೀನು ಬರ್ತೀಯ ಅಂತ’ ಎಂದು ಅತ್ತ. ಅಕ್ಕ, ‘ನಂಗೆ ಬರೋಕಾಗಲ್ಲ ಅಂತ ಹುಲಿಗೆ ಹೇಳು, ಅದಕ್ಕೂ ವಯಸ್ಸಾದ ಅಕ್ಕ ಇರ್ತಾಳೆ, ಅರ್ಥ ಆಗುತ್ತೆ’ ಎಂದು ಅವನ ಮೂಗು ಒರೆಸಿದಳು. ಎದ್ದು ಬ್ರೆಡ್ಡಿನ ಡಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿದು ಗೇಟಿನವರೆಗೂ ಬಂದಳು, ಮೆಟ್ಟಿಲ ಪಕ್ಕದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಇಟ್ಟು. ಡ್ರಾಯಿಂಗ್ ಮೇಷ್ಟ್ರು ಬಾಗಿಲು ತೆಗೆದು, ‘ಅಯ್ಯೋ, ಏನಾಯ್ತು?’ ಎಂದರು. ‘ದೃಷ್ಟಿ ತಾಕಿತು ಮೇಷ್ಟ್ರೇ, ನಿಮ್ಮದೇ’ ಎಂದಳು. ಅವನು ವ್ಯಾನಿನ ಬಾಗಿಲು ಹಿಡಿದು ನಿಂತಿದ್ದ. ಒಂದೇ ಒಂದು ಮಾತು ಸಾಕಿತ್ತು. ‘ಅಕ್ಕ, ನಾಟಕ ಸಾಕು, ಹತ್ತು’ ಎಂದಿದ್ದರೂ ಸಾಕಿತ್ತು. ಹೆಂಡತಿ ಅದಕ್ಕಾಗಿಯೇ ಕಾಯುತ್ತಿದ್ದ ಹಾಗೆ ಬೆಲ್ಟು ಹಾಕಿಕೊಳ್ಳದೆ ಕೂತಿದ್ದಳು. ಅವನು ಹತ್ತಿ ಗಾಡಿ ಶುರುಮಾಡಿದ. ಬೆಲ್ಟು ಬಿಗಿದ ಸದ್ದು ಕೇಳಿಸಿತು.

ಮೃಗಾಲಯ ಚಿತ್ರದಲ್ಲಿ ಇದ್ದ ಹಾಗೆಯೇ ಇತ್ತು. ಎಲ್ಲಿಂದಲೋ ಹಕ್ಕಿಗಳ ಕೂಗು, ಬಂಡೆಯೊಳಗೆ ಅಡಗಿಸಿಟ್ಟ ಸ್ಪೀಕರುಗಳದು ಎಂದು ಅವನಿಗೆ ಕೇಳುತ್ತಲೇ ತಿಳಿಯಿತು. ಎಲೆಗಳ ನಡುವಿನ ಕೊಳವೆಗಳಿಂದ ತಣ್ಣನೆಯ ಮಂಜು ಬೀಳುತ್ತಿತ್ತು. ಗೇಟು ದಾಟುತ್ತಿದ್ದಂತೆ ಸಾಲಾಗಿ ನಿಂತಿದ್ದವು, ಬ್ಯಾಟರಿಯಲ್ಲಿ ಓಡುವ ಸಣ್ಣ ಗಾಡಿಗಳು. ಮೇಲೆ ಬೋರ್ಡು: ನಡೆಯಲಾಗದವರಿಗೆ, ಹಿರಿಯರಿಗೆ, ಉಚಿತ. ತೊಡೆಯ ಮೇಲೆ ಚೀಲ ಇಟ್ಟುಕೊಂಡು ಮುದುಕಿಯರು ರಾಣಿಯರ ಹಾಗೆ ಕೂತು ಹೋಗುತ್ತಿದ್ದರು. ದೊಡ್ಡವಳು ನಿಂತು ಬೋರ್ಡನ್ನು ಪೂರ್ತಿ ಓದಿದಳು. ‘ಅಪ್ಪ, ಅತ್ತೇನ ಇದ್ರಲ್ಲಿ ಕೂರಿಸಬಹುದಿತ್ತು. ಇಲ್ಲಿ ಕೂರೋಕೆ ಬೆಂಚೂ ಇದೆ. ಎಲ್ಲಾ ಕಡೆ ಇದೆ.’ ಅವನು ‘ಗೊತ್ತಿರಲಿಲ್ಲ ಕಣೇ’ ಎಂದ. ‘ಫೋನಲ್ಲಿ ಬರೆದಿತ್ತಲ್ಲ’ ಎಂದಳು ಅವಳು, ದೂರುವ ದನಿಯಲ್ಲಲ್ಲ. ಹೆಂಡತಿ ಚಿಕ್ಕವನ ಟೋಪಿ ಸರಿಮಾಡುತ್ತಾ ಮುಂದೆ ನಡೆದಳು. ಗಾಜಿನ ಸುರಂಗದಲ್ಲಿ ಜನ ಒತ್ತೊತ್ತಾಗಿ ನಿಂತು ತಲೆ ಮೇಲೆತ್ತಿದ್ದರು. ಹುಲಿ ಸರಿಯಾಗಿ ಅವರ ನೆತ್ತಿಯ ಮೇಲೆಯೇ ಮಲಗಿತ್ತು. ಹೊಟ್ಟೆಯ ಬಿಳಿ ಕೂದಲು ಗಾಜಿಗೆ ಒತ್ತಿ ಚಪ್ಪಟೆಯಾಗಿ, ಉಸಿರಿಗೆ ಏರಿ ಇಳಿಯುತ್ತಿತ್ತು. ಮುಖ ಆಚೆಗಿತ್ತು. ಮಕ್ಕಳೆಲ್ಲ ಗಾಜು ಬಡಿದು ಕೂಗಿದವು. ಚಿಕ್ಕವನು ಮಾತ್ರ ಮೇಲೆ ನೋಡಿ ಮೆಲ್ಲಗೆ, ‘ಅತ್ತೆಗೆ ಮಂಡಿನೋವು’ ಎಂದು ಒಪ್ಪಿಸಿದ. ತೂಗುಸೇತುವೆಯ ಮೇಲೆ ಅಕ್ಕನಿಗಿಂತ ಹಿರಿಯಳಾದ ಹೆಂಗಸೊಬ್ಬಳು ಕೇಕೆ ಹಾಕುತ್ತಾ ಹಗ್ಗ ಹಿಡಿದು ದಾಟುತ್ತಿದ್ದಳು. ಅವನು ಕೆಳಗೆ ನಿಂತು, ತನ್ನವರ ಫೋಟೋ ತೆಗೆಯುವ ಬದಲು ಅವಳದೇ ತೆಗೆದುಬಿಟ್ಟ. ಆಮೇಲೆ ಅಳಿಸಿದ. ಮಧ್ಯಾಹ್ನ ಬ್ರೆಡ್ಡು ತೆಗೆದಾಗ ಒಂದೊಂದನ್ನೂ ಅಕ್ಕ ಕಾಗದದಲ್ಲಿ ಸುತ್ತಿಟ್ಟಿದ್ದು ಕಂಡಿತು. ಭಾವಮೈದುನನ ಮಗುವಿಗೆಂದು ಖಾರ ಹಾಕದ್ದನ್ನು ಬೇರೆಯಾಗಿ, ದಾರ ಕಟ್ಟಿ. ಅವನು ಒಂದು ತುತ್ತು ಕಚ್ಚಿ, ಉಳಿದದ್ದನ್ನು ಕೈಯಲ್ಲೇ ಹಿಡಿದು ಕೂತ. ‘ಒಣಗಿದೆಯಾ?’ ಎಂದು ಹೆಂಡತಿ ನೀರು ಕೊಟ್ಟಳು. ‘ಹೂಂ’ ಎಂದ. ಒಣಗಿರಲಿಲ್ಲ.

ಹಿಂದಿರುಗಿದಾಗ ಅಕ್ಕ ಬಿಸಿನೀರು ಕಾಯಿಸಿ, ಅಡುಗೆ ಮಾಡಿಟ್ಟಿದ್ದಳು. ಮಕ್ಕಳನ್ನು ಎರಡೂ ಬದಿಗೆ ಕೂರಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಳು. ಹುಲಿ ತಿರುಗಿ ನೋಡಲಿಲ್ಲ ಎಂದಾಗ, ‘ನೋಡಿದ್ರಾ, ನಾನು ಬಂದಿದ್ರೆ ನೋಡ್ತಿತ್ತು’ ಎಂದಳು. ಬ್ಯಾಟರಿ ಗಾಡಿಯ ಸುದ್ದಿ ದೊಡ್ಡವಳು ತೆಗೆಯಲಿಲ್ಲ. ಅವಳು ತೆಗೆಯದೆ ಇರುವುದನ್ನು ಅವನು ಗಮನಿಸಿದ. ಇಷ್ಟು ಬೇಗ ಕಲಿತಳೇ ಎನಿಸಿ ಮೈ ತಣ್ಣಗಾಯಿತು. ಬಡಿಸಲು ಎದ್ದ ಅಕ್ಕ ಕುಂಟುತ್ತಲೇ ಇದ್ದಳು. ನಾಳೆ ಬಿಡುತ್ತಾಳೆ ಎಂದುಕೊಂಡ. ಮರುದಿನ ಬಿಡಲಿಲ್ಲ. ಆ ವಾರವೂ ಬಿಡಲಿಲ್ಲ. ಹೇಗೆ ಬಿಟ್ಟಾಳು? ಯಾವ ಬೆಳಿಗ್ಗೆ, ಯಾವ ಹೆಜ್ಜೆಯಿಂದ ನೆಟ್ಟಗೆ ನಡೆಯಲು ಶುರುಮಾಡಿಯಾಳು? ನೆಟ್ಟಗೆ ನಡೆದ ದಿನ, ನಿನ್ನ ಮಾತು ಸುಳ್ಳಾಗಿತ್ತು ಎಂದು ಅವನ ಮುಖಕ್ಕೆ ಹೇಳಿದ ಹಾಗಾಗುತ್ತಿತ್ತು. ಅವನು ಮುಲಾಮು ತಂದು ಕೊಟ್ಟ. ತಂದದ್ದು ಮುಲಾಮಲ್ಲ, ಸುಳ್ಳಿಗೆ ಇನ್ನೊಂದು ಹೊದಿಕೆ ಎಂದು ಗೊತ್ತಿದ್ದೇ ತಂದ. ಅವಳು ದಿನಾ ಹಚ್ಚಿಕೊಂಡಳು. ಮಕ್ಕಳ ಕೋಣೆಯೆಲ್ಲ ಅದರ ಘಾಟು. ತಿಂಗಳಾಗುತ್ತಾ ಬಂದಂತೆ ಕುಂಟು ನಾಟಕದಂತೆ ಕಾಣುವುದು ನಿಂತುಹೋಯಿತು. ಒಮ್ಮೆ ಅವಳಿಗೆ ತಿಳಿಯದಂತೆ ಮೆಟ್ಟಿಲ ತುದಿಯ ಕಿಟಕಿಯಿಂದ ನೋಡಿದ: ತಾರಸಿಯಲ್ಲಿ ಒಬ್ಬಳೇ ಬಟ್ಟೆ ಹರವುತ್ತಿದ್ದಳು, ಅಲ್ಲಿ ಯಾರೂ ಇರಲಿಲ್ಲ, ಅಲ್ಲೂ ಬಲಗಾಲು ಎಳೆಯುತ್ತಿತ್ತು. ಯಾರಿಗಾಗಿ ಈಗ? ಅವನಿಗೆ ಭಯವಾಯಿತು.

ಡಾಕ್ಟರಿಗೆ ತೋರಿಸಲೇಬೇಕೆಂದು ಹಿಡಿದವಳು ಹೆಂಡತಿ. ಅವನೇ ಕರೆದುಕೊಂಡು ಹೋದ. ಮೂಳೆ ಡಾಕ್ಟರು ಅಕ್ಕನನ್ನು ಮಲಗಿಸಿ ಕಾಲು ಮಡಿಸಿದರು, ತಿರುಗಿಸಿದರು, ‘ಇಲ್ಲಿ ನೋವಿದೆಯಾ? ಇಲ್ಲಿ?’ ಎಂದು ಒತ್ತುತ್ತಾ ಹೋದರು. ಪ್ರತಿ ಸಲವೂ ಅಕ್ಕ ಡಾಕ್ಟರ ಕೈಯನ್ನು ನೋಡಿ, ಒಂದು ಕ್ಷಣ ತಡೆದು, ‘ಹೂಂ’ ಎನ್ನುತ್ತಿದ್ದಳು. ಆ ಮುಖವನ್ನು ಅವನು ದಿನಾ ಗಾಜಿನ ಈಚೆಯಿಂದ ನೋಡುತ್ತಿದ್ದ. ಮೂಲೆಯ ಕುರ್ಚಿಯಲ್ಲಿ ತೊಡೆಗಳ ನಡುವೆ ಕೈಗಳನ್ನು ಸಿಕ್ಕಿಸಿಕೊಂಡು ಕೂತ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು, ‘ಏನಮ್ಮ, ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಮಂಡಿ ನಾನು ನೋಡೇ ಇಲ್ಲ! ಏನೂ ಆಗಿಲ್ಲ ನಿಮಗೆ. ಆರಾಮವಾಗಿ ಬೆಟ್ಟ ಹತ್ತಿ’ ಎಂದು ನಕ್ಕರು. ಅಕ್ಕ ಡಾಕ್ಟರನ್ನು ನೋಡಲಿಲ್ಲ, ಅವನನ್ನು ನೋಡಿದಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. ಸಿಕ್ಕಿಬಿದ್ದದ್ದು ಅವಳಲ್ಲ. ಹೊರಗೆ ಬಂದು ಇಳಿಜಾರಿನಲ್ಲಿ ಅವನು ತೋಳು ಕೊಟ್ಟ, ಅವಳು ಹಿಡಿದುಕೊಂಡಳು. ದಾರಿಯಲ್ಲಿ ಹೇಳುತ್ತೇನೆ ಎಂದುಕೊಂಡ. ಆ ತಿರುವಿನಲ್ಲಿ. ಔಷಧಿ ಅಂಗಡಿ ದಾಟಿದ ಮೇಲೆ. ‘ಬಿಸಿಲು ಜೋರಿದೆ’ ಎಂದಳು ಅಕ್ಕ. ‘ಹೌದು, ಜೋರಿದೆ’ ಎಂದ.

ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದವಳೇ ಕೇಳಿದಳು. ‘ಏನಂದ್ರು?’ ದೊಡ್ಡವಳೂ ಪುಸ್ತಕ ಮುಚ್ಚಿ ಎದ್ದು ಬಂದಳು. ಅವನು ಅಕ್ಕನ ಕಡೆ ನೋಡಿದ. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ಮೊದಲ ಮಾತು ಯಾವಾಗಲೂ ಅವಳದೇ. ಅವನು ಬಾಯಿ ತೆರೆಯುವ ಮೊದಲೇ ಅವಳು ಮುಂದೆ ಬಂದು ನಿಂತಾಗಿರುತ್ತಿತ್ತು. ಈಗ ಅವಳು ಮಾತಾಡಲಿಲ್ಲ. ಚಪ್ಪಲಿ ಬಿಟ್ಟು, ಗೋಡೆಗೆ ಕೈಯೂರಿ, ಸುಮ್ಮನೆ ಅವನನ್ನೇ ನೋಡುತ್ತಾ ನಿಂತಳು. ಮುಖದಲ್ಲಿ ಕೋಪವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಅವಳು ಕಾಯುತ್ತಿದ್ದಳು, ಅಷ್ಟೇ. ತನಗೆ ಅವಳು ಕೊಡುತ್ತಿರುವುದೇನೆಂದು ಅವನಿಗೆ ಅರ್ಥವಾಯಿತು. ಇಷ್ಟು ಸ್ಪಷ್ಟವಾಗಿ ಜೀವನದಲ್ಲಿ ಯಾವುದೂ ಅರ್ಥವಾಗಿರಲಿಲ್ಲ. ಏನೂ ಆಗಿಲ್ಲವಂತೆ, ಅಷ್ಟು ಹೇಳಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಬಂದೀತು. ಹೆಂಡತಿಯ ಕಣ್ಣು, ಮಗಳ ಕಣ್ಣು.

‘ಸ್ವಲ್ಪ ಸವೆದಿದೆಯಂತೆ’ ಎಂದ. ‘ಜೋಪಾನವಾಗಿ ನಡೀಬೇಕಂತೆ.’

‘ಹೌದು’ ಎಂದಳು ಅಕ್ಕ. ‘ಹಾಗಂದ್ರು.’ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು ಅವಳು ಒಳಗೆ ಹೊರಟಳು. ಒಳಗೆ ಹೋಗುವ ಓಣಿ ಇಕ್ಕಟ್ಟು, ಇಬ್ಬರು ಒಟ್ಟಿಗೆ ಹಾಯಲಾಗುವುದಿಲ್ಲ. ಅವಳ ಬಲಗಾಲು ನೆಲಕ್ಕೆ ಉಜ್ಜುತ್ತಾ ಹತ್ತಿರ ಬಂದಾಗ ಅವನು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತ.